ಮೊದಲು ಕಚೇರಿ, ಆಮೇಲೆ ಐನ್‌ಮನೆ: ಕಾನೂನಿನ ಮದುವೆಯನ್ನೂ ಶಾಸ್ತ್ರದ ಮದುವೆಯನ್ನೂ ಬೇರೆಯಾಗಿ ನಡೆಸುವ ಕ್ರಮ

ನಮ್ಮ ಕಡೆ ‘ರಿಜಿಸ್ಟರ್ ಮದುವೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಮದುವೆಯ ಕಾಗದಪತ್ರಗಳಲ್ಲಿ ಜನ ಎಡವುವುದು ಬಹುಪಾಲು ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ. ಕೊಡವ ಸಮಾಜದಲ್ಲೋ ದೇವಸ್ಥಾನದಲ್ಲೋ ನಡೆದುಹೋದ ಮದುವೆಯನ್ನು ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ಬರೆಸುವುದು ಒಂದು. ಆ ಕಚೇರಿಯಲ್ಲಿಯೇ, ವಿವಾಹಾಧಿಕಾರಿಯ ಮುಂದೆಯೇ ಮದುವೆಯಾಗುವುದು ಇನ್ನೊಂದು. ಮೊದಲನೆಯದರಲ್ಲಿ ಇಬ್ಬರನ್ನು ಗಂಡಹೆಂಡಿರನ್ನಾಗಿ ಮಾಡಿದ್ದು ಶಾಸ್ತ್ರ. ಸರ್ಕಾರ ಅದನ್ನು ಬರೆದಿಟ್ಟುಕೊಂಡಿತು ಅಷ್ಟೆ. ಎರಡನೆಯದರಲ್ಲಿ ಮದುವೆ ಮಾಡಿಸುವುದೇ ಕಾನೂನು. ಶಾಸ್ತ್ರ ಮನೆಯವರ ಇಷ್ಟಕ್ಕೆ ಬಿಟ್ಟದ್ದು. ‘ಕೋರ್ಟ್ ಮ್ಯಾರೇಜ್’ ಎಂಬ ಮಾತಂತೂ ಬರಿಯ ರೂಢಿ. ಈ ಎರಡರಲ್ಲಿ ಯಾವುದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿಲ್ಲ.

ಈ ಎರಡನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕೆನ್ನುವವರು ಈಗ ಕೊಡಗಿನಲ್ಲಿ ಅಪರೂಪವಲ್ಲ. ಊರು ಬಿಟ್ಟು ಕೆಲಸಕ್ಕೆ ಹೋದಲ್ಲಿ ಬೇರೆ ಧರ್ಮದವರನ್ನು ಮೆಚ್ಚಿಕೊಂಡವರಿದ್ದಾರೆ. ಶಾಸ್ತ್ರದಲ್ಲಿ ತಮಗೆ ನಂಬಿಕೆಯಿಲ್ಲದಿದ್ದರೂ ಅಜ್ಜಿಯ ಮನಸ್ಸಿಗಾಗಿ ಮುಕ್ಕಾಲಿಯ ಮೇಲೆ ಕೂರಲು ಒಪ್ಪಿದವರಿದ್ದಾರೆ. ಚರ್ಚಿನ ಆಶೀರ್ವಾದವೋ ನಿಕಾಹ್‌ನ ದುವಾವೋ ಬೇಕು, ಆದರೆ ಆಸ್ತಿಗೂ ವಿಚ್ಛೇದನಕ್ಕೂ ಎಲ್ಲರಿಗೂ ಸಮಾನವಾದ ಕಾನೂನೇ ಅನ್ವಯಿಸಲಿ ಎನ್ನುವವರಿದ್ದಾರೆ. ಇವರೆಲ್ಲರಿಗೂ ದಾರಿ ಒಂದೇ. ಅದನ್ನು ಹೇಳುವುದಕ್ಕೆ ಮೊದಲು, ದಾರಿ ಯಾಕೆ ಹಾಗಿದೆ ಎಂಬುದನ್ನು ವಿವರಿಸಬೇಕು.

ಫ್ರಾನ್ಸಿನಲ್ಲಿ 1792ರಿಂದಲೂ ಮದುವೆ ಸರ್ಕಾರದ ಕಚೇರಿಯ ಕೆಲಸ. ಚರ್ಚಿನಲ್ಲಿ ನಡೆಯುವ ಸಂಸ್ಕಾರಕ್ಕೆ ಕಾನೂನಿನ ಬಲವಿಲ್ಲ. ತುರ್ಕಿ 1926ರ ನಾಗರಿಕ ಸಂಹಿತೆಯಲ್ಲಿ ಅದೇ ಕ್ರಮವನ್ನು ಅನುಸರಿಸಿತು. ಭಾರತದಲ್ಲಿ ಹಾಗಲ್ಲ. ಇಲ್ಲಿ ಶಾಸ್ತ್ರೋಕ್ತವಾಗಿ ಮದುವೆ ನಡೆದ ಕ್ಷಣದಲ್ಲಿಯೇ ಕಾನೂನಿನ ಮದುವೆಯೂ ನಡೆದುಹೋಗುತ್ತದೆ. ಆದ್ದರಿಂದ ಮಂಗಲವನ್ನು, ಅಂದರೆ ಶಾಸ್ತ್ರದ ಮದುವೆಯನ್ನು, ಮೊದಲು ಮುಗಿಸಿ, ‘ಕಾನೂನಿನದನ್ನು ಆಮೇಲೆ ಬೇರೆಯಾಗಿ ಮಾಡಿಕೊಳ್ಳೋಣ’ ಎಂದರೆ ಅಷ್ಟು ಹೊತ್ತಿಗೆ ಬೇರೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಎರಡನ್ನೂ ನಿಜವಾಗಿ ಬೇರ್ಪಡಿಸಬೇಕಾದರೆ ಕಚೇರಿಯದು ಮೊದಲಾಗಬೇಕು. ಶಾಸ್ತ್ರ ನಂತರ ಬರಬೇಕು, ಅಥವಾ ಬೇಡವೆನ್ನುವವರಿಗೆ ಬಾರದೆಯೂ ಇರಬಹುದು.

ನಿಮ್ಮ ಶಾಸ್ತ್ರಕ್ಕೆ ಕಾನೂನು ಕೊಟ್ಟಿರುವ ಸ್ಥಾನ

ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯೂ ಇಲ್ಲ. ಮುಹೂರ್ತದಲ್ಲಿ ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕೊಟ್ಟು, ಕಾಣಿಕೆಯಿಟ್ಟು ಹರಸುತ್ತಾರೆ. ಸಂಬಂಧ ಕೊಡುವ ಶಾಸ್ತ್ರದಲ್ಲಿ ಎರಡೂ ಒಕ್ಕಗಳ (ಮನೆತನಗಳ) ಪರವಾಗಿ ಮಾತಾಡುವ ಅರುವರು ಎದುರುಬದುರಾಗಿ ನಿಂತು, ಹೆಣ್ಣಿಗೆ ಹೊಸ ಮನೆಯಲ್ಲಿ ಏನೇನು ಹಕ್ಕಿದೆ ಎಂಬುದನ್ನು ಎಲ್ಲರ ಮುಂದೆ ಕೇಳಿ, ಹೇಳಿ, ಸಣ್ಣ ಕಲ್ಲುಗಳನ್ನು ಎಣಿಸಿ ಕೈಗೆ ಹಾಕುತ್ತಾರೆ. ನನಗೆ ಈ ಶಾಸ್ತ್ರ ಯಾವ ಕರಾರುಪತ್ರಕ್ಕೂ ಕಡಿಮೆಯೆನಿಸಿಲ್ಲ. ಕಾನೂನೂ ಇದನ್ನು ಹೀಗೆಯೇ ಒಪ್ಪುತ್ತದೆ. 1955ರ ಹಿಂದೂ ವಿವಾಹ ಅಧಿನಿಯಮದ ಕಲಂ 7ರ ಪ್ರಕಾರ, ಗಂಡು ಅಥವಾ ಹೆಣ್ಣು, ಇಬ್ಬರಲ್ಲಿ ಯಾರದೇ ಸಮುದಾಯದ ರೂಢಿಯ ಆಚರಣೆಗಳಂತೆ ಮದುವೆ ನಡೆದರೆ ಸಾಕು. ಸಪ್ತಪದಿ ಆ ಆಚರಣೆಯ ಭಾಗವಾಗಿದ್ದರೆ ಮಾತ್ರ ಏಳನೆಯ ಹೆಜ್ಜೆಯ ಪ್ರಶ್ನೆ ಬರುತ್ತದೆ. ‘ನಾವು ಹಿಂದೂಗಳೇ ಅಲ್ಲ, ನಮಗೆ ಆ ಕಾಯ್ದೆ ಹೇಗೆ ಅನ್ವಯಿಸುತ್ತದೆ’ ಎಂದು ಕೇಳುವ ಕೊಡವರೂ ಇದ್ದಾರೆ. ಧರ್ಮದ ಚರ್ಚೆ ಹಾಗಿರಲಿ, ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಯಾರಿಗೇ ಆದರೂ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತದೆ ಎಂದು ಅದರ ಕಲಂ 2 ಹೇಳುತ್ತದೆ. ಅರೆಭಾಷೆ ಗೌಡರ ಮದುವೆಗೂ ಇದೇ ಮಾತು.

ಇದಕ್ಕೆ ಒಂದು ದೊಡ್ಡ ಹೊರತಿದೆ, ಮತ್ತು ಕೊಡಗಿನಲ್ಲಿ ಅದನ್ನು ಮರೆಯುವಂತಿಲ್ಲ. ಯರವ, ಜೇನುಕುರುಬ, ಬೆಟ್ಟಕುರುಬ, ಕುಡಿಯ ಮೊದಲಾದ ಪರಿಶಿಷ್ಟ ಪಂಗಡಗಳಿಗೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಹಿಂದೂ ವಿವಾಹ ಅಧಿನಿಯಮ ಅನ್ವಯಿಸುವುದಿಲ್ಲ. ಅವರ ಮದುವೆ ಅವರ ಪಂಗಡದ ಕಟ್ಟಳೆಯಂತೆಯೇ ಊರ್ಜಿತ. ತೊಂದರೆ ಬರುವುದು ಅದನ್ನು ತೋರಿಸಿಕೊಡುವಾಗ. ತೋಟದ ಲೈನ್‌ಮನೆಯಲ್ಲಿ ಹತ್ತು ಜನರ ಮುಂದೆ ನಡೆದ ಮದುವೆಗೆ ಆಹ್ವಾನಪತ್ರಿಕೆ ಇರುವುದಿಲ್ಲ, ಎಷ್ಟೋ ಬಾರಿ ಪಟವೂ ಇರುವುದಿಲ್ಲ. ಗಂಡ ತೀರಿಕೊಂಡ ಮೇಲೆ ವಿಧವಾ ವೇತನಕ್ಕೋ ಪರಿಹಾರಕ್ಕೋ ಹೋದಾಗ ಹೆಂಡತಿ ತಾನು ಹೆಂಡತಿ ಎಂದು ರುಜುವಾತು ಮಾಡಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕಾನೂನಿನ ಪ್ರಮಾಣಪತ್ರದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಇವರಿಗೆ.

ಕ್ರೈಸ್ತರದು ಬೇರೆಯದೇ ವ್ಯವಸ್ಥೆ. 1872ರ ಭಾರತೀಯ ಕ್ರೈಸ್ತ ವಿವಾಹ ಅಧಿನಿಯಮದ ಪ್ರಕಾರ ಪಾದ್ರಿಗಳು ಇಡುವ ಮದುವೆಯ ಪುಸ್ತಕವೇ ಸರ್ಕಾರದ ಪುಸ್ತಕವೂ ಹೌದು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನಲ್ಲಿ ಮದುವೆಯಾದವರು ಅಲ್ಲಿ ಹಾಕುವ ಸಹಿ ದೇವರ ಮುಂದಿನ ಸಹಿ ಮಾತ್ರವಲ್ಲ, ರಾಜ್ಯದ ಮುಂದಿನ ಸಹಿಯೂ ಹೌದು. ವಧೂವರರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಆ ಕಾಯ್ದೆಯಡಿ ಮದುವೆ ನಡೆಯಬಹುದು. ಅದೇ ಜೋಡಿ ಕೊಡವ ಪದ್ಧತಿಯಂತೆ ಮಾತ್ರ ಮದುವೆಯಾದರೆ ಅದು ಹಿಂದೂ ವಿವಾಹ ಅಧಿನಿಯಮದಡಿ ನಿಲ್ಲುವುದಿಲ್ಲ, ಏಕೆಂದರೆ ಆ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಸುಪ್ರೀಂ ಕೋರ್ಟ್ 2008ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಮುಸ್ಲಿಮರ ನಿಕಾಹ್ ಮೂಲತಃ ಒಂದು ಒಪ್ಪಂದ: ಪ್ರಸ್ತಾಪ, ಸಮ್ಮತಿ, ಸಾಕ್ಷಿಗಳು, ವರ ವಧುವಿಗೆ ಕೊಡುವ ಮಹರ್. ಮಹಲ್ಲಿನ ಜಮಾಅತ್, ಅಂದರೆ ಊರಿನ ಮಸೀದಿಯ ಸಮಿತಿ, ಕೊಡುವ ನಿಕಾಹ್‌ನಾಮಾ ಒಳ್ಳೆಯ ಪುರಾವೆ, ಆದರೆ ಅದು ಸರ್ಕಾರದ ಪ್ರಮಾಣಪತ್ರವಲ್ಲ. ವಕ್ಫ್ ಮಂಡಳಿಯ ಅಧಿಕಾರಿಗಳೇ ವಿವಾಹ ಪ್ರಮಾಣಪತ್ರ ಕೊಡಬಹುದೆಂದು ರಾಜ್ಯ ಸರ್ಕಾರ 2023ರಲ್ಲಿ ಹೊರಡಿಸಿದ್ದ ಆದೇಶಕ್ಕೆ ಹೈಕೋರ್ಟ್ 2024ರ ನವೆಂಬರಿನಲ್ಲಿ ತಡೆಯಾಜ್ಞೆ ನೀಡಿತು.

ಕಚೇರಿಯ ಮದುವೆ: ಕಕ್ಕಡದಲ್ಲಿ ಶುರುಮಾಡಿ

ಶಾಸ್ತ್ರದಿಂದ ಬೇರೆಯಾದ ಮದುವೆ ನಡೆಯುವುದು 1954ರ ವಿಶೇಷ ವಿವಾಹ ಅಧಿನಿಯಮದಡಿ. ಅದರ ಹಿಂದಿನ 1872ರ ಕಾಯ್ದೆಯಲ್ಲಿ ಮದುವೆಯಾಗುವವರು ‘ನಾನು ಹಿಂದೂ ಅಲ್ಲ, ಮುಸಲ್ಮಾನನಲ್ಲ, ಕ್ರೈಸ್ತನಲ್ಲ’ ಎಂಬಂತೆ ತಮ್ಮ ಧರ್ಮವನ್ನೇ ಅಲ್ಲಗಳೆಯಬೇಕಿತ್ತು. 1923ರ ತಿದ್ದುಪಡಿಯಿಂದ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗಿನ ಮದುವೆಗೆ ಈ ಷರತ್ತು ಸಡಿಲವಾಯಿತು. 1954ರ ಕಾಯ್ದೆ ಅದನ್ನು ಪೂರ್ತಿಯಾಗಿ ಕೈಬಿಟ್ಟಿತು. ಈಗ ಧರ್ಮವನ್ನು ಬಿಡಬೇಕಾಗಿಲ್ಲ, ಮತಾಂತರವಾಗಬೇಕಾಗಿಲ್ಲ, ಇಬ್ಬರೂ ತಮ್ಮ ತಮ್ಮ ನಂಬಿಕೆಯಲ್ಲಿಯೇ ಉಳಿಯಬಹುದು. ಇಬ್ಬರೂ ಒಂದೇ ಧರ್ಮದವರಾಗಿದ್ದರೂ ಈ ಕಾಯ್ದೆಯನ್ನು ಆರಿಸಿಕೊಳ್ಳಬಹುದು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಅರ್ಹತೆಗಳು ಸರಳವಾಗಿವೆ. ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು. ಇಬ್ಬರಿಗೂ ಬದುಕಿರುವ ಸಂಗಾತಿ ಇರಬಾರದು. ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇರಬೇಕು. ನಿಷಿದ್ಧ ಸಂಬಂಧದಲ್ಲಿ ಬರಬಾರದು. ಈ ಕೊನೆಯ ಷರತ್ತಿನಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಸೋದರಮಾವನ ಮಗಳು, ಸೋದರತ್ತೆಯ ಮಗ ನಮ್ಮಲ್ಲಿ ಸಹಜವಾದ ಸಂಬಂಧ. ಹಿಂದೂ ವಿವಾಹ ಅಧಿನಿಯಮದಲ್ಲಿ ಸಮುದಾಯದ ರೂಢಿಯನ್ನು ತೋರಿಸಿದರೆ ಅದು ನಡೆಯುತ್ತದೆ. ವಿಶೇಷ ವಿವಾಹ ಅಧಿನಿಯಮದಲ್ಲಿ ‘ರೂಢಿ’ ಎಂದರೆ ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಿಸಿದ ನಿಯಮ ಎಂದು ಅರ್ಥ ಕೊಡಲಾಗಿದೆ. ಆದ್ದರಿಂದ ಅಂಥ ಸಂಬಂಧದವರು ಅರ್ಜಿ ಕೊಡುವ ಮೊದಲೇ ವಕೀಲರನ್ನು ಕಾಣುವುದು ಲೇಸು. ಒಂದೇ ಲಿಂಗದ ಜೋಡಿಗಳಿಗೆ ಈ ಕಾಯ್ದೆಯ ದಾರಿ ತೆರೆದಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು.

ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನಗಳಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ಮೊದಲು ನೋಟಿಸು ಕೊಡಬೇಕು. ನಮ್ಮ ರಾಜ್ಯದಲ್ಲಿ ಇದಕ್ಕಾಗಿ ಹೋಗಬೇಕಾದದ್ದು ಉಪನೋಂದಣಾಧಿಕಾರಿಯ ಕಚೇರಿಗೆ. ವಯಸ್ಸಿಗೆ ಜನನ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್ ಅಥವಾ ಪಡಿತರ ಚೀಟಿ, ಭಾವಚಿತ್ರಗಳು, ಮುಂಚೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಸಂಗಾತಿಯ ಮರಣ ಪ್ರಮಾಣಪತ್ರ ಜೊತೆಯಲ್ಲಿರಲಿ.

ಎಲ್ಲಕ್ಕಿಂತ ಮೊದಲು ಈ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿ. ಕೊಡಗಿನವರಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ನಮ್ಮಲ್ಲಿ ಮನೆಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ನನ್ನ ತಂಗಿಯ ಮಗಳ ಅಂಕಪಟ್ಟಿಯಲ್ಲಿ ಮನೆಹೆಸರು ಪೂರ್ತಿಯಾಗಿತ್ತು. ಆಧಾರ್‌ನಲ್ಲಿ ಅದೇ ಹೆಸರು ಎರಡು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿ, ಕೊನೆಗೆ ಹೋಗಿ ಕೂತಿತ್ತು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಮನೆಹೆಸರಿನ ಜಾಗಕ್ಕೆ ಬಂದಿತ್ತು. ಗುಮಾಸ್ತರು ಮೂರನ್ನೂ ಒಂದರ ಪಕ್ಕ ಒಂದಿಟ್ಟು, ಕನ್ನಡಕವನ್ನು ಹಣೆಗೇರಿಸಿ, ‘ಇವರು ಮೂರು ಜನ ಯಾರು?’ ಎಂದು ಕೇಳಿದರು. ಆಧಾರ್ ತಿದ್ದಿಸಿಕೊಂಡು ಬರುವುದರಲ್ಲಿ ಮೂರು ವಾರ ಹೋಯಿತು. ನಿಜ ಹೇಳಬೇಕೆಂದರೆ ತಪ್ಪು ಗುಮಾಸ್ತರದಲ್ಲ, ನಮ್ಮದು.

ನೋಟಿಸಿನ ಪ್ರತಿಯನ್ನು ಕಚೇರಿಯ ಎದ್ದು ಕಾಣುವ ಜಾಗದಲ್ಲಿ ಅಂಟಿಸುತ್ತಾರೆ. 30 ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಜೋಡಿಗಳನ್ನು ಹೆದರಿಸುವುದು ಈ 30 ದಿನಗಳೇ, ಹಾಗಾಗಿ ಇದನ್ನು ಕೊಂಚ ಬಿಡಿಸಿ ಹೇಳುತ್ತೇನೆ. ಆಕ್ಷೇಪಣೆ ಮೇಲೆ ಹೇಳಿದ ಅರ್ಹತೆಗಳಿಗೆ ಸಂಬಂಧಪಟ್ಟಿರಬೇಕು. ‘ಬೇರೆ ಜಾತಿ’, ‘ಬೇರೆ ಧರ್ಮ’, ‘ಅಪ್ಪ ಒಪ್ಪಿಲ್ಲ’, ‘ಒಕ್ಕದ ಮರ್ಯಾದೆ’ ಎಂಬುವು ಕಾನೂನಿನ ಕಣ್ಣಿನಲ್ಲಿ ಆಕ್ಷೇಪಣೆಗಳೇ ಅಲ್ಲ. ಆಕ್ಷೇಪಣೆ ಬಂದರೆ ಅಧಿಕಾರಿ 30 ದಿನಗಳೊಳಗೆ ವಿಚಾರಿಸಿ ತೀರ್ಮಾನಿಸಬೇಕು. ಅದು ಸಕಾರಣವಲ್ಲ, ಸದುದ್ದೇಶದ್ದೂ ಅಲ್ಲ ಎಂದು ಕಂಡರೆ ಆಕ್ಷೇಪಿಸಿದವರ ಮೇಲೆ 1,000 ರೂಪಾಯಿಯವರೆಗೆ ವೆಚ್ಚ ಹಾಕಬಹುದು. ಅಧಿಕಾರಿ ಆಕ್ಷೇಪಣೆಯನ್ನು ಎತ್ತಿಹಿಡಿದು ಮದುವೆ ಮಾಡಿಸಲು ನಿರಾಕರಿಸಿದರೆ 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ನಮಗೆ ಅದು ಮಡಿಕೇರಿ. ವಯಸ್ಕರಿಬ್ಬರ ಮದುವೆಗೆ ಕುಲದ ಕೂಟಗಳು ಅಡ್ಡಬರುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಬೆದರಿಕೆಯಿದ್ದರೆ ನೋಟಿಸು ಕೊಡುವ ದಿನವೇ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದುಕೊಡಿ.

ಬೆಂಗಳೂರಿನಲ್ಲಿ ನೋಟಿಸು ಕೊಟ್ಟರೆ ಊರಿಗೆ ತಿಳಿಯುವುದಿಲ್ಲ ಎಂದು ನಂಬುವವರಿದ್ದಾರೆ. ಖಾಯಂ ವಾಸ ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಒಂದು ಪ್ರತಿ ಆ ಜಿಲ್ಲೆಯ ವಿವಾಹಾಧಿಕಾರಿಗೂ ಹೋಗುತ್ತದೆ, ಅಲ್ಲಿನ ಕಚೇರಿಯಲ್ಲೂ ಅದನ್ನು ಅಂಟಿಸುತ್ತಾರೆ. ನೋಟಿಸು ಅಂಟಿಸುವುದು ಕಡ್ಡಾಯವಲ್ಲ, ಜೋಡಿ ಬಯಸಿದರೆ ಮಾತ್ರ ಎಂದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಹೇಳಿತು. ಆದರೆ ಅದು ಉತ್ತರ ಪ್ರದೇಶದ ಮಾತು. ಮನೆಯವರಿಗೆ ಹೇಳುವುದಿದ್ದರೆ ಗೋಡೆಯ ಕಾಗದ ಹೇಳುವ ಮೊದಲು ನೀವೇ ಹೇಳಿ.

ಈಗ ತಿಂಗಳಿನ ಲೆಕ್ಕ. ನೋಟಿಸು ಕೊಟ್ಟ ದಿನದಿಂದ 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆ ನಡೆಯಬೇಕು; ಮೀರಿದರೆ ಮತ್ತೆ ಹೊಸ ನೋಟಿಸು. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳಲ್ಲಿ, ನಮ್ಮಲ್ಲಿ ಶುಭಕಾರ್ಯವಿಲ್ಲ, ಕೊಡವ ಸಮಾಜದ ಸಭಾಂಗಣವೂ ಖಾಲಿ. ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಕಕ್ಕಡದ ಮೊದಲ ದಿನಗಳಲ್ಲಿ, ಅಂದರೆ ಜುಲೈ 17ರ ಆಸುಪಾಸಿನಲ್ಲಿ ನೋಟಿಸು ಕೊಟ್ಟರೆ ಕಕ್ಕಡ ಮುಗಿಯುವಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿಯುತ್ತದೆ. ಕೈಲ್‌ಪೊಳ್ದ್ ಹಬ್ಬ (ಸೆಪ್ಟೆಂಬರಿನ ಮೊದಲ ವಾರ) ಆದ ಮೇಲೆ ಕಚೇರಿಯ ಮದುವೆ ಮಾಡಿಕೊಳ್ಳಬಹುದು. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಬರುವ ಹೊತ್ತಿಗೆ ನೋಟಿಸಿನ ಆಯುಷ್ಯ ತೀರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ಮಂಗಲವನ್ನು ಸುಗ್ಗಿಯ ಹಬ್ಬವಾದ ಪುತ್ತರಿಯ ನಂತರ ನಿಧಾನವಾಗಿ ಇಟ್ಟುಕೊಳ್ಳಬಹುದು.

ಸಹಿಯ ದಿನ

ಗಂಡು, ಹೆಣ್ಣು ಮತ್ತು ಮೂವರು ಸಾಕ್ಷಿಗಳು ಅಧಿಕಾರಿಯ ಮುಂದೆ ಘೋಷಣೆಗೆ ಸಹಿ ಹಾಕುತ್ತಾರೆ. ಆಮೇಲೆ ಇಬ್ಬರೂ ಪರಸ್ಪರ, ‘ಇಂಥವಳಾದ ನಿನ್ನನ್ನು ಇಂಥವನಾದ ನಾನು ನನ್ನ ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ’ ಎಂಬ ಅರ್ಥದ ಮಾತನ್ನು ಹೆಸರು ಹಿಡಿದು ಹೇಳಬೇಕು. ಹೆಣ್ಣು ಹಾಗೆಯೇ ಗಂಡಿಗೆ ಹೇಳಬೇಕು. ಬೇರೆ ಯಾವ ವಿಧಿಯನ್ನು ಬೇಕಾದರೂ ಇಟ್ಟುಕೊಳ್ಳಬಹುದು, ಬಿಡಬಹುದು. ಈ ಮಾತಿಲ್ಲದೆ ಮದುವೆ ಪೂರ್ಣವಾಗುವುದಿಲ್ಲ. ಇಬ್ಬರಿಗೂ ತಿಳಿಯುವ ಯಾವ ಭಾಷೆಯಲ್ಲಾದರೂ ಹೇಳಬಹುದೆಂದು ಕಲಂ 12 ಅನುಮತಿಸುತ್ತದೆ, ಅಂದರೆ ಕೊಡವ ತಕ್ಕ್‌ನಲ್ಲೂ ಅರೆಭಾಷೆಯಲ್ಲೂ ಹೇಳಬಹುದು. ನನ್ನ ತಂಗಿಯ ಮಗಳು ಕೊಡವ ತಕ್ಕ್‌ನಲ್ಲಿ ಹೇಳಿದಳು. ಮಲಯಾಳಂ ಮನೆಮಾತಿನ ಹುಡುಗ ಆ ಒಂದು ವಾಕ್ಯವನ್ನು ವಾರವಿಡೀ ಕಲಿತು ಬಂದಿದ್ದರೂ ನಡುವೆ ತಡವರಿಸಿದ. ಅಧಿಕಾರಿ ನಗದೆ, ಇನ್ನೊಮ್ಮೆ ಹೇಳಿಸಿದರು.

ಮೂರು ಸಾಕ್ಷಿಗಳನ್ನು ಕರೆದರೆ ಸಾಲದು, ಐವರನ್ನು ಕರೆಯಿರಿ. ಆ ದಿನ ನಮ್ಮ ಮೂರನೆಯ ಸಾಕ್ಷಿ ನಾಪೋಕ್ಲಿನಿಂದ ಬರುವಾಗ ರಸ್ತೆಗೆ ಮರ ಬಿದ್ದು, ಕತ್ತರಿಸಿ ದಾರಿ ಬಿಡುವವರೆಗೆ ಜೀಪಿನಲ್ಲಿ ಕೂತಿದ್ದ. ಬಂದ ಮೇಲೆ ನೋಡಿದರೆ ಆಧಾರ್ ಮನೆಯಲ್ಲಿತ್ತು. ಕಚೇರಿಯ ಹೊರಗೆ ಜೆರಾಕ್ಸ್ ಅಂಗಡಿಯವನು ಮೊಬೈಲಿನಲ್ಲಿ ಬಂದ ಪಟವನ್ನು ಮುದ್ರಿಸಿ ಕೊಟ್ಟ. ಅಧಿಕಾರಿ ಅದನ್ನು ಒಪ್ಪಿಕೊಂಡರು, ಆದರೆ ಒಪ್ಪಲೇಬೇಕೆಂದಿರಲಿಲ್ಲ.

ಹೆಚ್ಚುವರಿ ಶುಲ್ಕ ಕಟ್ಟಿದರೆ ಅಧಿಕಾರಿ ಕಚೇರಿಯಿಂದ ಹೆಚ್ಚು ದೂರವಲ್ಲದ, ನೀವು ಬಯಸಿದ ಜಾಗಕ್ಕೂ ಬಂದು ಮದುವೆ ಮಾಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಎರಡನ್ನೂ ಬೇರೆಯಾಗಿಡುವುದೇ ನಿಮ್ಮ ಉದ್ದೇಶವಾದರೆ ಇದನ್ನು ಬಳಸಬೇಡಿ ಎಂದೇ ನನ್ನ ಸಲಹೆ. ವಾಲಗದ ಸದ್ದಿನ ನಡುವೆ ಮೇಜು ಹಾಕಿ ಸಹಿ ಮಾಡಿದರೆ ಬಂದ ನೆಂಟರಿಗೆ ಯಾವುದು ಮದುವೆ, ಯಾವುದು ಶಾಸ್ತ್ರ ಎಂಬುದು ತಿಳಿಯುವುದಿಲ್ಲ. ಇದರ ಜೊತೆಗೆ ಇನ್ನೊಂದು ಎಚ್ಚರಿಕೆಯಿದೆ. ‘30 ದಿನ ಯಾಕೆ ಕಾಯುತ್ತೀರಿ, ನಾಳೆಯೇ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ’ ಎನ್ನುವ ಮಧ್ಯವರ್ತಿಗಳು ಕೊಡಿಸುವುದು ಹಿಂದೂ ವಿವಾಹ ಅಧಿನಿಯಮದ ನೋಂದಣಿಯನ್ನು. ಅದಕ್ಕಾಗಿ ನಡೆಯದ ಶಾಸ್ತ್ರವನ್ನು ನಡೆದಿದೆಯೆಂದು ಬರೆಸುತ್ತಾರೆ. ಶಾಸ್ತ್ರವೇ ನಡೆಯದೆ ಬರಿಯ ನೋಂದಣಿಯಿಂದ ಆ ಕಾಯ್ದೆಯಡಿ ಮದುವೆಯಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂಥ ಪ್ರಮಾಣಪತ್ರ ಕಷ್ಟದ ದಿನದಲ್ಲಿಯೇ ಕೈಕೊಡುತ್ತದೆ.

ಆಮೇಲಿನ ಮಂಗಲ

ಕಚೇರಿಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ಒಕ್ಕದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ದೀಪದ ಮುಂದೆ ನಿಂತು ಗುರುಕಾರೋಣರನ್ನು (ಹಿರಿಯ ಪೂರ್ವಜರನ್ನು) ನೆನೆಯುವುದಕ್ಕಾಗಲಿ, ಬಾಳೆ ಕಡಿಯುವುದಕ್ಕಾಗಲಿ, ನೀರು ತರುವ ಹೆಣ್ಣಿನ ಮುಂದೆ ಕುಣಿಯುವುದಕ್ಕಾಗಲಿ, ಚರ್ಚಿನಲ್ಲಿ ಆಶೀರ್ವಾದ ಪಡೆಯುವುದಕ್ಕಾಗಲಿ ಕಾನೂನಿನ ಅಡ್ಡಿಯಿಲ್ಲ. ಈಗಾಗಲೇ ದಂಪತಿಯಾದವರು ಅದೇ ಸಂಗಾತಿಯೊಂದಿಗೆ ಸಂಸ್ಕಾರ ಮಾಡಿಕೊಳ್ಳುತ್ತಿದ್ದಾರೆ. ಅಡ್ಡಿ ಬಂದರೆ ಅದು ಸಮುದಾಯದಿಂದ ಬರಬಹುದು. ಯಾವ ಒಕ್ಕ ಯಾರನ್ನು ಒಳಗೆ ಕರೆಯುತ್ತದೆ, ಯಾವ ಚರ್ಚು ಯಾರನ್ನು ಹರಸುತ್ತದೆ ಎಂಬುದು ಅವರವರ ತೀರ್ಮಾನ. ಎರಡನ್ನೂ ಬೇರ್ಪಡಿಸಿದ ಮೇಲೆ ಆ ತೀರ್ಮಾನದಿಂದ ನಿಮ್ಮ ಮದುವೆಯ ಊರ್ಜಿತಕ್ಕೆ ಕೂದಲೆಳೆಯಷ್ಟೂ ಧಕ್ಕೆಯಿಲ್ಲ. ಬೇರ್ಪಡಿಸುವುದರ ದೊಡ್ಡ ಪ್ರಯೋಜನ ನನಗೆ ಕಂಡಿರುವುದು ಇದೇ. ಒಕ್ಕದ ಯಜಮಾನರಾದ ಪಟ್ಟೆದಾರರೊಂದಿಗೆ ಮಾತಾಡುವಾಗ ನೀವು ಅನುಮತಿ ಕೇಳುವವರಾಗಿ ಹೋಗುವುದಿಲ್ಲ, ಆಶೀರ್ವಾದ ಕೇಳುವವರಾಗಿ ಹೋಗುತ್ತೀರಿ.

ಆಹ್ವಾನಪತ್ರಿಕೆಯಲ್ಲಿ ಮಂಗಲದ ದಿನಾಂಕವಿರಲಿ. ಆದರೆ ಪಾಸ್‌ಪೋರ್ಟ್, ವೀಸಾ, ಬ್ಯಾಂಕು, ವಿಮೆ, ಸೇನೆಯಲ್ಲಿರುವವರಾದರೆ ದಾಖಲೆ ಕಚೇರಿ, ಎಲ್ಲ ಕಡೆಯೂ ಪ್ರಮಾಣಪತ್ರದ ದಿನಾಂಕವನ್ನೇ ಬರೆಯಿರಿ. ಒಂದು ಕಡೆ ಆಗಸ್ಟ್, ಇನ್ನೊಂದು ಕಡೆ ಡಿಸೆಂಬರ್ ಆದರೆ ಎಲ್ಲೋ ಒಬ್ಬ ಗುಮಾಸ್ತರು ಹಿಡಿಯುತ್ತಾರೆ. ಮದುವೆಯಾದ ಹೆಣ್ಣು ಗಂಡನ ಮನೆಹೆಸರಿಗೆ ಬದಲಾಗುವುದು ನಮ್ಮ ಪದ್ಧತಿ. ಕಾನೂನು ಅದನ್ನು ಕೇಳುವುದಿಲ್ಲ. ಬದಲಿಸುವುದಾದರೆ ಎಲ್ಲ ದಾಖಲೆಗಳಲ್ಲಿಯೂ ಬದಲಿಸಿ, ಇಲ್ಲವಾದರೆ ಎಲ್ಲಿಯೂ ಬೇಡ.

ಆಸ್ತಿಯ ಪ್ರಶ್ನೆ

ಕೊಡಗಿನಲ್ಲಿ ಮದುವೆಯ ಮಾತು ಯಾವತ್ತೂ ಭೂಮಿಯ ಮಾತಿನಲ್ಲಿಯೇ ಮುಗಿಯುತ್ತದೆ. ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ವಿಶೇಷ ವಿವಾಹ ಅಧಿನಿಯಮದಡಿ ಮದುವೆಯಾದರೂ ಉತ್ತರಾಧಿಕಾರದಲ್ಲಿ ಏನೂ ಬದಲಾಗುವುದಿಲ್ಲ. 1976ರಲ್ಲಿ ಸೇರಿಸಿದ ಕಲಂ 21ಎ ಇದನ್ನು ಖಚಿತಪಡಿಸುತ್ತದೆ. ಹಿಂದೂ ಒಬ್ಬರು ಮುಸ್ಲಿಂ ಅಥವಾ ಕ್ರೈಸ್ತರನ್ನು ಈ ಕಾಯ್ದೆಯಡಿ ಮದುವೆಯಾದಾಗ ಮಾತ್ರ ಎರಡು ಪರಿಣಾಮಗಳು ಬರುತ್ತವೆ. ಕಲಂ 19ರ ಪ್ರಕಾರ ಅವರು ಅವಿಭಕ್ತ ಕುಟುಂಬದಿಂದ ಬೇರೆಯಾದಂತಾಗುತ್ತದೆ. ಕಲಂ 21ರ ಪ್ರಕಾರ ಅವರ ಮತ್ತು ಅವರ ಮಕ್ಕಳ ಆಸ್ತಿಗೆ ಭಾರತೀಯ ಉತ್ತರಾಧಿಕಾರ ಅಧಿನಿಯಮ ಅನ್ವಯಿಸುತ್ತದೆ: ಉಯಿಲಿಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರರಲ್ಲಿ ಒಂದು ಭಾಗ, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ.

‘ಬೇರೆಯಾಗುವುದು’ ಎಂದರೆ ಪಾಲು ಕಳೆದುಕೊಳ್ಳುವುದು ಎಂದು ಕೆಲವು ಮನೆಗಳಲ್ಲಿ ಹೇಳುತ್ತಾರೆ. ಹಾಗಲ್ಲ. ವಿಭಾಗವಾದಾಗ ಬರಬೇಕಾದ ಪಾಲು ಬಂದೇ ಬರುತ್ತದೆ, ಬೇರೆ ಧರ್ಮದವರನ್ನು ಮದುವೆಯಾದ ಕಾರಣಕ್ಕೆ ಉತ್ತರಾಧಿಕಾರದ ಹಕ್ಕು ಹೋಗುವುದಿಲ್ಲ; ಕಲಂ 20 ಇದನ್ನು ಕಾಪಾಡುತ್ತದೆ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೆದಾರರ ಹೆಸರಿನ ಜೊತೆ ಒಕ್ಕದ ಹಲವರ ಹೆಸರು ಕೂಡಿಕೊಂಡಿರುವಲ್ಲಿ ವ್ಯವಹಾರ ಸಿಕ್ಕಾಗುತ್ತದೆ. ಅಂಥವರು ನೋಟಿಸು ಕೊಡುವ ಮೊದಲೇ ಪಹಣಿಯ ಪ್ರತಿಯೊಂದಿಗೆ ಸಿವಿಲ್ ವಕೀಲರನ್ನು ಕಾಣಬೇಕು, ಮದುವೆಯಾದ ಬಳಿಕ ಇಬ್ಬರೂ ಉಯಿಲು ಬರೆದಿಡಬೇಕು. ಉಯಿಲೆಂದರೆ ಮುದುಕರ ಕೆಲಸವೆಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ.

ಮುಸ್ಲಿಂ ದಂಪತಿಗಳಿಗೆ ಈ ಆಯ್ಕೆ ಎಷ್ಟು ಮುಖ್ಯವೆಂಬುದಕ್ಕೆ ನೆರೆಯ ಕಾಸರಗೋಡು ಜಿಲ್ಲೆಯ ಉದಾಹರಣೆಯಿದೆ. 1994ರಲ್ಲಿ ನಿಕಾಹ್ ಆಗಿದ್ದ, ಮೂವರು ಹೆಣ್ಣುಮಕ್ಕಳಿರುವ ದಂಪತಿ 2023ರ ಮಾರ್ಚ್ 8ರಂದು ವಿಶೇಷ ವಿವಾಹ ಅಧಿನಿಯಮದಡಿ ಮತ್ತೆ ಮದುವೆಯಾದರು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಒಟ್ಟಾಗಿ ಮೂರರಲ್ಲಿ ಎರಡು ಭಾಗ ಸಿಕ್ಕಿ, ಉಳಿದದ್ದರಲ್ಲಿ ತಂದೆಯ ಸಹೋದರರಿಗೂ ಪಾಲು ಹೋಗುತ್ತದೆ. ಮಕ್ಕಳಿಗೇ ಎಲ್ಲವೂ ಸಿಗಲಿ ಎಂಬುದು ಅವರ ಉದ್ದೇಶವಾಗಿತ್ತು.

ಶಾಸ್ತ್ರ ಆಗಲೇ ಮುಗಿದಿದ್ದರೆ

ಇಬ್ಬರೂ ಹಿಂದೂಗಳಾಗಿದ್ದರೆ ಆ ಮದುವೆ ಊರ್ಜಿತ. ಅದನ್ನು ಹಿಂದೂ ವಿವಾಹ ಅಧಿನಿಯಮದಡಿ ನೋಂದಾಯಿಸಿದರೆ ಸಾಕು. ಆಹ್ವಾನಪತ್ರಿಕೆ, ಮುಹೂರ್ತದ ಪಟ, ಸಾಕ್ಷಿಗಳು ಬೇಕು. ಅರ್ಜಿಯನ್ನು ಕಾವೇರಿ 2.0 ಜಾಲತಾಣದಲ್ಲಿ ಸಲ್ಲಿಸಬಹುದು. ನೋಂದಾಯಿಸದಿದ್ದರೆ ಮದುವೆ ರದ್ದಾಗುವುದಿಲ್ಲ, ಆದರೂ ಎಲ್ಲ ಧರ್ಮದವರ ಮದುವೆಯ ನೋಂದಣಿಯೂ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು. ಕರ್ನಾಟಕದಲ್ಲಿ ಅದಕ್ಕೆಂದೇ 1976ರ ಕಾಯ್ದೆಯಿದೆ. ಯರವ, ಜೇನುಕುರುಬ ಸಮುದಾಯದ ದಂಪತಿಗಳಿಗೂ ಮುಸ್ಲಿಂ ದಂಪತಿಗಳಿಗೂ ಉಪಯುಕ್ತವಾದದ್ದು ಈ ಕಾಯ್ದೆಯೇ.

ನೋಂದಣಿ ಮಾತ್ರ ಸಾಲದು, ಮದುವೆಯನ್ನೇ ವಿಶೇಷ ವಿವಾಹ ಅಧಿನಿಯಮದ ವ್ಯಾಪ್ತಿಗೆ ತರಬೇಕೆನ್ನುವವರಿಗೆ ಕಲಂ 15 ಇದೆ. ಯಾವುದೇ ರೀತಿಯ ಸಂಸ್ಕಾರ ನಡೆದಿದ್ದು, ಅಂದಿನಿಂದಲೂ ಗಂಡಹೆಂಡಿರಾಗಿ ಕೂಡಿ ಬಾಳಿದ್ದರೆ, ನೋಂದಣಿಯ ದಿನ ಇಬ್ಬರಿಗೂ 21 ವರ್ಷ ತುಂಬಿದ್ದರೆ, ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದರೆ ಅರ್ಜಿ ಸಲ್ಲಿಸಬಹುದು. ಇಲ್ಲಿಯೂ 30 ದಿನಗಳ ನೋಟಿಸು ಇದೆ. ಹೆಣ್ಣಿಗೂ 21 ಎಂಬುದನ್ನು ಗಮನಿಸಿ, ಹೊಸ ಮದುವೆಗೆ ಇರುವ 18 ಇಲ್ಲಿ ಸಾಲದು. ಬಾಲ್ಯವಿವಾಹವಾಗಿದ್ದರೆ ಈ ದಾರಿಯ ಪ್ರಶ್ನೆಯೇ ಏಳುವುದಿಲ್ಲ. ಕೇಂದ್ರದ 2006ರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಿಂದಾಗಿ ನಮ್ಮ ರಾಜ್ಯದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು.

ಸಂಬಂಧ ಮುರಿಯುವುದಾದರೆ

ಕೂಡಿಸುವಾಗ ಎರಡನ್ನು ಬೇರೆ ಮಾಡಿದವರು ಬಿಡಿಸುವಾಗಲೂ ಬೇರೆಯಾಗಿಯೇ ನೋಡಬೇಕು. ಎರಡೂ ಒಕ್ಕದ ಹಿರಿಯರು ಕೂತು ಸಂಬಂಧ ಮುಗಿಯಿತೆಂದು ಬರೆದುಕೊಟ್ಟರೂ ಕಚೇರಿಯ ಮದುವೆ ಹಾಗೆಯೇ ಇರುತ್ತದೆ. ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಅಧಿನಿಯಮ ಜಾಗ ಬಿಟ್ಟಿದೆ, ಅಂಥ ರೂಢಿ ಇದೆಯೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಹೊಣೆ ಮಾತ್ರ ನಿಮ್ಮದು. ವಿಶೇಷ ವಿವಾಹ ಅಧಿನಿಯಮದಲ್ಲಿ ಆ ದಾರಿಯೂ ಇಲ್ಲ. ಚರ್ಚಿನ ನ್ಯಾಯಪೀಠ ಮದುವೆಯನ್ನು ರದ್ದುಗೊಳಿಸಿದರೆ ಅದು ಚರ್ಚಿನೊಳಗಿನ ಮಾತು, ಅದರಿಂದ ಕಾನೂನಿನ ಮದುವೆ ಕಡಿಯುವುದಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿಯೂ ಮತ್ತೆ 2017ರಲ್ಲಿಯೂ ಹೇಳಿದೆ. ಒಂದೇ ಉಸಿರಿಗೆ ಮೂರು ಸಲ ತಲಾಖ್ ಹೇಳುವುದು 2019ರ ಕಾಯ್ದೆಯಿಂದ ಅಸಿಂಧುವಷ್ಟೇ ಅಲ್ಲ, ಅಪರಾಧ.

ವಿಶೇಷ ವಿವಾಹ ಅಧಿನಿಯಮದಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಇಬ್ಬರೂ ಕೂಡಿ ಅರ್ಜಿ ಹಾಕಿದ ಆರು ತಿಂಗಳ ಬಳಿಕ ಎರಡನೆಯ ಹಂತ ಬರುತ್ತದೆ. ಡಿಕ್ರಿ ಕೈಗೆ ಬರುವವರೆಗೆ ಇನ್ನೊಂದು ಮದುವೆಯ ಮಾತು ಬೇಡ, ಕೂಡಾವಳಿಯಾದರೂ (ಕೊಡವರ ಮರುಮದುವೆಯ ಶಾಸ್ತ್ರ) ಸರಿ, ದೇವಸ್ಥಾನದ ಮದುವೆಯಾದರೂ ಸರಿ. ಹಿಂದೆ ಭಾರತ ದಂಡ ಸಂಹಿತೆಯ ಕಲಂ 494ರಲ್ಲಿದ್ದ ದ್ವಿಪತ್ನಿತ್ವದ ಅಪರಾಧ ಈಗ ಭಾರತೀಯ ನ್ಯಾಯ ಸಂಹಿತೆಯ ಕಲಂ 82ರಲ್ಲಿದೆ. ಡಿಕ್ರಿ ಬಂದ ಮೇಲೆ ಅದರ ದೃಢೀಕೃತ ಪ್ರತಿಗಳನ್ನು ನಾಲ್ಕಾದರೂ ಮಾಡಿಸಿ, ಒಂದನ್ನು ತಾಯಿಯ ಮನೆಯ ಪೆಟ್ಟಿಗೆಯಲ್ಲಿಡಿ.